ಆಲೂಗಡ್ಡೆ ಬೇಯ್ಸಿ, ಆರ್ಸಿ, ಮಾರ್ನೇ ದಿನ ತಿನ್ನಿ: ಕರುಳಿನ ರುಮಿನೊಕಾಕಸ್‌ಗೆ ಊಟ ಹಾಕೋದು ಹೀಗೆ

ಹಾಸನದ ಕಡೆ ಮುಂಗಾರಿನ ಆಲೂಗಡ್ಡೆ ಕೀಳೋ ಟೈಮ್ ಬಂತು ಅಂದ್ರೆ ಮನೆಮನೇಲೂ ಅದೇ ಪಲ್ಯ, ಅದೇ ಹುಳಿ, ಎಲ್ಲಾ ಬಿಸಿಬಿಸಿ ತಿಂದು ಮುಗಿಸ್ತೀವಿ. ಅದ್ರಲ್ಲಿ ಸ್ವಲ್ಪನಾದ್ರೂ ತಣ್ಣಗೆ ಮಾಡಿ ತಿನ್ನಿ ಅಂತ ನಾನು ಹೇಳೋದು, ಯಾಕಂದ್ರೆ ಬಿಸಿ ಗಡ್ಡೆಯ ಸ್ಟಾರ್ಚ್ ಹೆಚ್ಚಿನದು ಸಣ್ಣ ಕರುಳಲ್ಲೇ ಸಕ್ಕರೆಯಾಗಿ ರಕ್ತಕ್ಕೆ ಹೋಗ್ಬಿಡತ್ತೆ, ದೊಡ್ಡ ಕರುಳಲ್ಲಿ ಕಾಯ್ತಾ ಇರೋರಿಗೆ ಹೆಚ್ಚೇನೂ ಉಳಿಯಲ್ಲ.

ಯಾರು ಕಾಯ್ತಿರೋದು ಅಂದ್ರೆ ರುಮಿನೊಕಾಕಸ್ ಬ್ರೋಮಿಯೈ ಅನ್ನೋ ಬ್ಯಾಕ್ಟೀರಿಯಾ. ಆಕ್ಸಿಜನ್ ಇದ್ರೆ ಬೆಳೆಯೋದೇ ಇಲ್ಲ, ದೊಡ್ಡ ಕರುಳಲ್ಲಿ ಅದು ಇಲ್ಲದೇ ಇರೋದ್ರಿಂದ ಅಲ್ಲಿ ಆರಾಮಾಗಿರತ್ತೆ. ನಮ್ಮ ಕೈಲಿ ಜೀರ್ಣ ಆಗದ ಗಟ್ಟಿ ಸ್ಟಾರ್ಚನ್ನ ಹಿಡಿದು ಬಿಡಿಸೋಕೆ ಅದರ ಮೈಮೇಲೆ ಎಂಜೈಮ್‌ಗಳ ಗುಂಪೇ ಇದೆ, ಅದಕ್ಕೆ ಅಮೈಲೋಸೋಮ್ ಅಂತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನ ರೋವೆಟ್ ಸಂಸ್ಥೆಯವರು 2012ರಲ್ಲಿ ತೋರಿಸಿದ್ದು ಏನಂದ್ರೆ, ಬೇರೆ ಬ್ಯಾಕ್ಟೀರಿಯಾಗಳು ಈ ಸ್ಟಾರ್ಚ್ ಮುಂದೆ ಸೋತಾಗ ಇದನ್ನ ಸೇರಿಸಿದ್ರೆ ಕೆಲಸ ಮುಂದೆ ಹೋಗತ್ತೆ. ತೆಂಗಿನಕಾಯಿ ಸುಲಿದು ಒಡೆಯೋರು ಒಬ್ರಿದ್ರೆ ತಾನೆ ಮನೆಮಂದಿಯೆಲ್ಲ ತಿನ್ನೋದು, ಹಾಗೆ. ಇದು ಬಿಡಿಸಿಟ್ಟ ಸಕ್ಕರೆಯನ್ನ ಬೇರೆಯವು ತಿಂದು ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದೇ.

ಈಗ ಮಾಡೋ ವಿಧಾನ. ಹಸಿರಾದ, ಮೊಳಕೆ ಬಂದ ಗಡ್ಡೆ ಬೇಡವೇ ಬೇಡ, ಅದ್ರಲ್ಲಿ ಸೊಲನಿನ್ ವಿಷ ಇರತ್ತೆ. ಗಟ್ಟಿ ಗಡ್ಡೆ ತೊಳೆದು ಸಿಪ್ಪೆ ಸಮೇತ ಬೇಯ್ಸಿ, ಕುಕ್ಕರಲ್ಲಿ ಗಂಜಿ ಆಗೋವಷ್ಟು ಬೇಡ. ನೀರು ಬಸಿದು, ದೊಡ್ಡದಾದ್ರೆ ಎರಡು ಹೋಳು ಮಾಡಿ ತಟ್ಟೇಲಿ ಹರಡಿ, ಬೇಗ ಆರತ್ತೆ. ಆರಿದ್ಮೇಲೆ ಮುಚ್ಚಿ ಫ್ರಿಜ್ಜಿಗೆ ಇಡಿ, ಬೇಯ್ಸಿ ಎರಡು ಗಂಟೆ ಒಳಗೇ ಇಡ್ಬೇಕು, ರಾತ್ರಿಯಿಡೀ ಅಲ್ಲೇ ಇರ್ಲಿ. ಬೆಂದಾಗ ಊದಿ ಸಡಿಲ ಆಗಿದ್ದ ಸ್ಟಾರ್ಚ್ ಎಳೆಗಳು ತಣ್ಣಗಾದಾಗ ಮತ್ತೆ ಹತ್ತಿರ ಬಂದು ಗಟ್ಟಿಯಾಗ್ತವೆ, ಆ ಗಟ್ಟಿ ಭಾಗವೇ ರುಮಿನೊಕಾಕಸ್‌ನ ಊಟ. ಎಲ್ಲಾ ಸ್ಟಾರ್ಚೂ ಹಾಗಾಗಲ್ಲ ಬಿಡಿ, 100 ಗ್ರಾಂ ಗಡ್ಡೇಲಿ ಕೆಲವೇ ಗ್ರಾಂ.

ಮಾರ್ನೇ ದಿನ ಮೊಸರು, ಹಸಿಮೆಣಸು, ಕೊತ್ತಂಬರಿ, ಸಾಸಿವೆ ಒಗ್ಗರಣೆ ಹಾಕಿ ಮೊಸರುಬಜ್ಜಿ ಮಾಡಿ, ನನ್ ಪ್ರಕಾರ ಇದೇ ಬೆಸ್ಟು. ತಣ್ಣಗೆ ತಿನ್ನೋಕೆ ಆಗದಿದ್ರೆ ಬಾಣಲೇಲಿ ಬಿಸಿ ಮಾಡ್ಕೊಳ್ಳಿ, ಗಟ್ಟಿಯಾದದ್ದು ಪೂರ್ತಿ ಕರಗಲ್ಲ. ಹಾಂ, ಹಸಿ ಗಡ್ಡೇನ ಮಾತ್ರ ಫ್ರಿಜ್ಜಿಗೆ ಇಡ್ಬೇಡಿ, ಅದ್ರಲ್ಲಿ ಸ್ಟಾರ್ಚ್ ಸಕ್ಕರೆ ಆಗ್ತಾ ಹೋಗತ್ತೆ.

ಅನ್ನಕ್ಕೂ ಇದೇ ಲೆಕ್ಕ, ಆದ್ರೆ ರಾತ್ರಿಯೆಲ್ಲ ಅಡುಗೆಮನೇಲಿ ಹೊರಗೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಅದು ಮತ್ತೆ ಕಾಯಿಸಿದ್ರೂ ಹೋಗಲ್ಲ, ಅದ್ಕೇ ಫ್ರಿಜ್ ಇಲ್ಲದ ಮನೇಲಿ ಈ ಪ್ರಯೋಗ ಬೇಡ.

ಮೊದಲ ವಾರ ಒಂದ್ ಸಣ್ಣ ಗಡ್ಡೆ ಸಾಕು, ಒಂದೇ ಸಲ ಜಾಸ್ತಿ ತಿಂದ್ರೆ ಗ್ಯಾಸ್ ಆಗಿ ಹೊಟ್ಟೆ ಉಬ್ಬರಿಸತ್ತೆ. ಸಕ್ಕರೆ ಕಾಯಿಲೆ ಇರೋರು ತಣ್ಣಗಿನ ಗಡ್ಡೇನೂ ಊಟದ ಲೆಕ್ಕಕ್ಕೇ ಹಿಡೀಬೇಕು, ಕಿಡ್ನಿ ತೊಂದರೆಗೆ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂದಿದ್ರೆ ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ.