ಬಂಗುಡೆಗೆ ಒಂದು ಗಂಟೆ, ಸೌತೆಗೆ ಒಂದು ಮಳೆಗಾಲ

ಬಂಗುಡೆಯ ಚಿತ್ರ ಬಿಡಿಸಬೇಕೆಂದರೆ ಮೊದಲು ಮನೆಯವರ ಒಪ್ಪಿಗೆ ಬೇಕು. ಬೆಳಿಗ್ಗೆ ಮೀನುಗಾರಿಕೆ ದಕ್ಕೆಯಿಂದ ತಂದ ಮೀನು ಮಧ್ಯಾಹ್ನದೊಳಗೆ ಪುಳಿಮುಂಚಿ ಆಗಬೇಕು. ನಡುವೆ ನನಗೆ ಸಿಗುವುದು ಒಂದು ಗಂಟೆ. "ಎಂಥ ಮಾರಾಯಾ, ಮೀನನ್ನು ಮಲಗಿಸಿ ಪೂಜೆ ಮಾಡ್ತಿಯಾ?" ಅಂತ ಅಮ್ಮ ಈಗಲೂ ಕೇಳುತ್ತಾರೆ. ಆದರೂ ಗಂಟೆ ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ನನಗೂ ಬೇಡ. ಬೆನ್ನಿನ ಆ ಹಸಿರು-ನೀಲಿ, ಅದರ ಮೇಲೆ ಉದ್ದಕ್ಕೆ ಹೋಗುವ ಕಪ್ಪು ಗೆರೆಗಳು, ಹೊಟ್ಟೆಯ ಬೆಳ್ಳಿಯಲ್ಲಿ ಬೆರೆತ ಸಣ್ಣ ಚಿನ್ನದ ಬಣ್ಣ, ಇವೆಲ್ಲ ಐಸ್‌ನಿಂದ ತೆಗೆದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೊದಲು ಕಣ್ಣು ಮಂಕಾಗುತ್ತದೆ. ಆಮೇಲೆ ಚರ್ಮದ ಒದ್ದೆ ಹೊಳಪು ಹೋಗುತ್ತದೆ. ಅಷ್ಟರೊಳಗೆ ಮುಗಿಸಬೇಕು, ಇಲ್ಲದಿದ್ದರೆ ನೆನಪಿನಿಂದ ಬಣ್ಣ ಹಚ್ಚಬೇಕು. ನೆನಪಿನ ಮೀನು ಯಾವಾಗಲೂ ಅಂಗಡಿಯ ಕ್ಯಾಲೆಂಡರಿನ ಮೀನಾಗಿಬಿಡುತ್ತದೆ.

ನಾನು ಬಿಡಿಸುವುದು ಹೆಚ್ಚಾಗಿ ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳ ಚಿತ್ರ. ಮಂಗಳೂರಿನಲ್ಲಿ ಕೂತು ಇದನ್ನು ಹೇಳಿದರೆ ಜನಕ್ಕೆ ಸ್ವಲ್ಪ ಬೇಜಾರು. ಯಕ್ಷಗಾನದ ವೇಷ ಉಂಟು, ಕೋಲ ಉಂಟು, ಕಂಬಳ ಉಂಟು, ಎದುರಿಗೆ ಇಡೀ ಕಡಲೇ ಉಂಟು. ಅದನ್ನೆಲ್ಲ ಬಿಟ್ಟು ಚೆಂಬು, ಬದನೆ ಯಾಕೆ ಅಂತ ಕೇಳುತ್ತಾರೆ. ನನಗೆ ಇದರಲ್ಲಿ ರುಚಿ ಹತ್ತಿದ್ದು ಒಂದೇ ಕಾರಣಕ್ಕೆ. ಮೇಜಿನ ಮೇಲೆ ಇಟ್ಟ ಪ್ರತಿ ವಸ್ತುವಿಗೂ ಅದರದ್ದೇ ಗಡುವು ಇರುತ್ತದೆ. ಮೀನಿಗೆ ಒಂದು ಗಂಟೆ, ಮಲ್ಲಿಗೆಗೆ ಅರ್ಧ ದಿನ, ಗುಳ್ಳ ಬದನೆಗೆ ಕೆಲವು ದಿನ, ಸೌತೆಗೆ ತಿಂಗಳುಗಟ್ಟಲೆ. ಯಾವ ಬಣ್ಣ ತೆಗೆಯಬೇಕು, ಎಷ್ಟು ದೊಡ್ಡ ಕಾಗದ, ಯಾವ ಬ್ರಷ್ ಎಂದು ನಾನು ತೀರ್ಮಾನ ಮಾಡುವುದೇ ಇಲ್ಲ. ಆ ಗಡುವು ಮಾಡುತ್ತದೆ.

ಮೀನಿಗೆ ಜಲವರ್ಣವೇ ಸರಿ. ಕಾಗದವನ್ನು ಮೊದಲೇ ಹಲಗೆಗೆ ಅಂಟಿಸಿ, ಬಣ್ಣ ಕಲಸಿ ಇಟ್ಟುಕೊಂಡ ಮೇಲೆಯೇ ಐಸ್ ಡಬ್ಬ ತೆರೆಯುತ್ತೇನೆ. ಹೊಟ್ಟೆಯ ಬಿಳಿಗೆ ಕಾಗದವನ್ನೇ ಬಿಡಬೇಕು. ಬೆನ್ನಿನ ಬಣ್ಣವನ್ನು ಒದ್ದೆಯ ಮೇಲೆ ಒದ್ದೆಯಾಗಿ ಹರಿಸಬೇಕು. ಗೆರೆಗಳನ್ನು ಅದು ಅರ್ಧ ಒಣಗಿದಾಗ ಎಳೆಯಬೇಕು. ಪೂರ್ತಿ ಒಣಗಿದ ಮೇಲೆ ಎಳೆದರೆ ಗೆರೆ ಚರ್ಮದ ಒಳಗೆ ಇರುವುದಿಲ್ಲ, ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಮೀನನ್ನು ಹೀಗೆ ಮೇಜಿನ ಮೇಲೆ ಕೂರಿಸಿದ್ದರಲ್ಲಿ ತೀರಾ ಮೊದಲಿಗರ ಪೈಕಿ ಆಂಟ್‌ವರ್ಪ್‌ನ ಒಬ್ಬ ಹೆಂಗಸು, ಕ್ಲಾರಾ ಪೀಟರ್ಸ್. ಆಕೆಯ 1611ರ ಮೀನಿನ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅದು ಎಣ್ಣೆಬಣ್ಣ. ಅಲ್ಲಿನ ಚಳಿಗೆ ಮೀನು ಸ್ವಲ್ಪ ಹೆಚ್ಚು ಹೊತ್ತು ತಾಳುತ್ತಿತ್ತೋ ಏನೋ. ನಮ್ಮ ಸೆಕೆಯಲ್ಲಿ ಆ ಧೈರ್ಯ ಮಾಡಲಿಕ್ಕಿಲ್ಲ. ಮಾಡಿದರೂ ಬೆಕ್ಕು ಬಿಡುವುದಿಲ್ಲ.

ಮಲ್ಲಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನನಗೆ ಅಷ್ಟಾಗಿ ಒಲಿದಿಲ್ಲ. ಶಂಕರಪುರ ಮಲ್ಲಿಗೆ ಅಟ್ಟೆ ಲೆಕ್ಕದಲ್ಲಿ ಬರುತ್ತದೆ. ಒಂದು ಅಟ್ಟೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಹೂ. ಒಂದು ಚೆಂಡು ತಂದು ಬಾಳೆಲೆಯ ಮೇಲಿಟ್ಟರೆ 800 ಹೂವನ್ನೂ ಬಿಡಿಸಲು ಹೋಗಬಾರದು. ಬೆಳಕಿಗೆ ಹತ್ತಿರ ಇರುವ ನಾಲ್ಕೈದು ಮೊಗ್ಗನ್ನು ಸರಿಯಾಗಿ ಬಿಡಿಸಿ, ಉಳಿದದ್ದನ್ನು ಒಂದೇ ಗಾತ್ರವಾಗಿ ನೋಡಬೇಕು. ನೆರಳಿನ ಕಡೆ ಮಲ್ಲಿಗೆ ಬಿಳಿ ಅಲ್ಲವೇ ಅಲ್ಲ. ಬಾಳೆಲೆಯ ಹಸಿರು ಕೆಳಗಿನಿಂದ ಅದಕ್ಕೆ ಹತ್ತಿರುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಮಟ್ಟುಗುಳ್ಳ ತನ್ನಿ ಅಂತ. ಡ್ರಾಯಿಂಗ್ ಕ್ಲಾಸಿನಲ್ಲಿ ನೆರಳು-ಬೆಳಕು ಕಲಿಸಲು ಪ್ಲಾಸ್ಟರ್ ಚೆಂಡು ಇಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ನಿದ್ದೆ ಬರುತ್ತದೆ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಅದಕ್ಕಿಂತ ಒಳ್ಳೆಯ ಗುರು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದ ಮೇಲೆ ಹೊರಗಿನವರಿಗೂ ಅದರ ಹೆಸರು ಗೊತ್ತು. ತಿಳಿ ಹಸಿರು, ಗುಂಡಗೆ, ತೊಟ್ಟಿನಲ್ಲಿ ಮುಳ್ಳು. ಮೈಮೇಲೆ ತೆಳುವಾಗಿ ಬಿಳಿ ಗೆರೆಗಳು. ಆ ಗೆರೆಗಳು ತೊಟ್ಟಿನಿಂದ ಬುಡದ ಕಡೆಗೆ ಬಾಗಿಕೊಂಡು ಹೋಗುತ್ತವೆ. ಆ ಬಾಗು ಸರಿಯಾಗಿ ಬಂದರೆ ನೆರಳು ಹಾಕುವ ಮೊದಲೇ ಗುಳ್ಳ ಅರ್ಧ ಗುಂಡಗಾಗಿರುತ್ತದೆ. ಆಮೇಲೆ ಬೆಳಕಿನ ಕಡೆಯಿಂದ ಕತ್ತಲಿಗೆ ನಿಧಾನಕ್ಕೆ ಹೋಗಬೇಕು. ತೀರಾ ಕತ್ತಲೆ ಇರುವುದು ಅಂಚಿನಲ್ಲಲ್ಲ, ಅಂಚಿಗಿಂತ ಸ್ವಲ್ಪ ಒಳಗೆ. ಅಂಚಿಗೆ ಮೇಜಿನ ಬಟ್ಟೆಯ ಬೆಳಕು ವಾಪಸ್ ಬಡಿದಿರುತ್ತದೆ. ಕೆಂಪು ಬಟ್ಟೆ ಹಾಕಿ ನೋಡಿ, ಹಸಿರು ಗುಳ್ಳದ ಹೊಟ್ಟೆಯ ಕೆಳಗೆ ಒಂದು ಕಂದು ಛಾಯೆ ಬರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಮತ್ತೆ ಯಾರೂ ಕಲಿಸುವುದು ಬೇಡ.

ಒಂದು ಉಪಾಯ ಮಾತ್ರ ಸಾಲ ತಂದದ್ದು. ಗುಳ್ಳ ತಾನಾಗಿ ಕೂತರೆ ತೊಟ್ಟು ಎಲ್ಲಿಗೋ ತಿರುಗಿರುತ್ತದೆ. ಫ್ರಾನ್ಸಿನ ಚಿತ್ರಕಾರ ಸೆಜಾನ್ ತನ್ನ ಹಣ್ಣುಗಳ ಅಡಿಗೆ ನಾಣ್ಯ ಇಟ್ಟು ಬೇಕಾದ ಹಾಗೆ ವಾಲಿಸುತ್ತಿದ್ದನಂತೆ, ಹತ್ತಿರದಿಂದ ನೋಡಿದವರೇ ಹೇಳಿದ್ದು. ನಾನು ರೂಪಾಯಿ ನಾಣ್ಯ ಇಡುತ್ತೇನೆ. ಸೆಜಾನ್ ಕೆಲಸದಲ್ಲಿ ಎಷ್ಟು ನಿಧಾನ ಅಂದರೆ ಹಣ್ಣು ಕೊಳೆಯುವವರೆಗೂ ಮುಗಿಯುತ್ತಿರಲಿಲ್ಲ. ಹೂವಿನ ಬದಲಿಗೆ ಕಾಗದದ ಹೂ ಇಟ್ಟುಕೊಂಡದ್ದೂ ಉಂಟು. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಗಡುವು ತಪ್ಪಿಸಿಕೊಂಡರೆ ಈ ಕೆಲಸದ ಬಿಸಿಯೇ ಹೋಗುತ್ತದೆ. ಆದರೆ ಅವನು ಸೆಜಾನ್, ನಾನು ಮಂಗಳೂರಿನ ಜೆಪ್ಪುವಿನವನು.

ಇನ್ನು ಸೌತೆ. ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ಬೆಳೆದ ಸಾಂಬಾರ್ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ಸಾಲಾಗಿ ನೇತು ಹಾಕುತ್ತಾರೆ. ನೆಲಕ್ಕೆ ತಾಗದೆ, ಒಂದಕ್ಕೊಂದು ಒತ್ತದೆ ಇದ್ದರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ಚಿಕ್ಕಂದಿನಿಂದ ತಲೆ ಮೇಲೆ ಇದ್ದದ್ದು, ಅದರಲ್ಲಿ ಚಿತ್ರ ಇದೆ ಅಂತ ನನಗೆ ಹೊಳೆದದ್ದು ಸ್ಪೇನಿನ ಒಬ್ಬನ ಚಿತ್ರ ನೋಡಿದ ಮೇಲೆ. ಹುವಾನ್ ಸಾಂಚೆಸ್ ಕೊಟಾನ್ ಅಂತ. 1602ರ ಸುಮಾರಿಗೆ ಬಿಡಿಸಿದ್ದು, ಈಗ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿದೆ. ಕಲ್ಲಿನ ಕಿಟಕಿಯಂಥ ಒಂದು ಚೌಕಟ್ಟು. ಮೇಲಿನಿಂದ ದಾರದಲ್ಲಿ ಒಂದು ಕ್ವಿನ್ಸ್ ಹಣ್ಣು, ಅದರ ಪಕ್ಕ ಸ್ವಲ್ಪ ಕೆಳಗೆ ಒಂದು ಎಲೆಕೋಸು ತೂಗುತ್ತಿದೆ. ಕೆಳಗೆ ಕೊಯ್ದ ಕರಬೂಜ, ಅದರದ್ದೊಂದು ಹೋಳು, ಕೊನೆಯಲ್ಲಿ ಒಂದು ಸೌತೆಕಾಯಿ. ಸೌತೆ ಕಟ್ಟೆಯಿಂದ ಸ್ವಲ್ಪ ಹೊರಗೆ ಚಾಚಿಕೊಂಡಿದೆ, ನಮ್ಮ ಕೈಗೆ ಸಿಗುವ ಹಾಗೆ. ಹಿಂದೆ ಗಾಢ ಕಪ್ಪು. ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಒಂದೇ ಬಾಗಿದ ಗೆರೆಯಲ್ಲಿ ಕಣ್ಣು ಇಳಿಯುತ್ತದೆ. ಅಷ್ಟೇ ಸಾಮಾನು. ಇದಾದ ಸ್ವಲ್ಪ ಸಮಯದಲ್ಲೇ ಆತ ಊರು ಬಿಟ್ಟು ಕ್ರೈಸ್ತ ಮಠ ಸೇರಿದ.

ಸ್ಪೇನಿನವರೂ ಕೆಡದಿರಲಿ ಅಂತಲೇ ಹಣ್ಣು-ತರಕಾರಿ ನೇತು ಹಾಕುತ್ತಿದ್ದರು. ನಾನೂ ಹಾಗೇ ಒಂದು ಚೌಕಟ್ಟು ಮಾಡಿದೆ. ಹಳೇ ಕಿಟಕಿಯ ದಾರಂದ, ಹಿಂದೆ ಕಪ್ಪು ಬಟ್ಟೆ, ಬಾಳೆನಾರಿನಲ್ಲಿ ತೂಗುವ ಎರಡು ಸೌತೆ, ಕೆಳಗೆ ಒಂದು ತುಂಡು ಕೊಯ್ದದ್ದು. ಇದಕ್ಕೆ ಎಣ್ಣೆಬಣ್ಣವೇ ಆಗಬೇಕು, ಯಾಕೆಂದರೆ ಸೌತೆಗೆ ಅವಸರ ಇಲ್ಲ. ಜೂನ್‌ನಲ್ಲಿ ಹಿಡಿದರೆ ಪದರ ಪದರವಾಗಿ ಮಳೆ ಮುಗಿಯುವ ತನಕ ಎಳೆಯಬಹುದು. ಈ ನಡುವೆ ಸೌತೆ ತಾನೂ ಸುಮ್ನೆ ಇರುವುದಿಲ್ಲ. ಹಸಿರು ಪಟ್ಟೆ ಕರಗಿ ಹಳದಿ ಹೆಚ್ಚುತ್ತದೆ. ಹಾಗಾಗಿ ಕೊನೆಯ ಪದರದಲ್ಲಿ ನಾನು ಹಚ್ಚುವ ಹಳದಿ ಮೊದಲ ಪದರದಲ್ಲಿ ಇರಲೇ ಇಲ್ಲ. ಕೆಳಗಿನ ಹಸಿರು ಅಲ್ಲಲ್ಲಿ ಇಣುಕಲಿ ಅಂತ ಬಿಡುತ್ತೇನೆ. ಕೊಯ್ದ ತುಂಡನ್ನು ಮಾತ್ರ ಆಗಾಗ ಬದಲಿಸಬೇಕು. ಹಳೆಯದು ಅಡುಗೆಮನೆಯ ಕೊದ್ದೆಲ್‌ಗೆ, ಅಂದರೆ ಹುಳಿಗೆ, ಹೋಗುತ್ತದೆ.

ಬೆಳಕಿನ ಬಗ್ಗೆ ಎರಡು ಮಾತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ನಮ್ಮ ಜೆಪ್ಪುವಿನಲ್ಲೇ. ಹಾಗಾಗಿ ಹಂಚಿನ ಮನೆಗೆ ಇಲ್ಲಿ ಬರ ಇಲ್ಲ. ಹಂಚಿನ ನಡುವೆ ಒಂದೋ ಎರಡೋ ಗಾಜಿನ ಹಂಚು ಇರುತ್ತದಲ್ಲ, ಅದರ ಕೆಳಗೆ ಮೇಜು ಹಾಕಬೇಕು ಅಂತ ಎಲ್ಲರಿಗೂ ಆಸೆ. ಹಾಕಬೇಡಿ. ಬೇಸಿಗೆಯಲ್ಲಿ ಬಿಸಿಲಿನ ಚೌಕ ಓಡುತ್ತಲೇ ಇರುತ್ತದೆ. ಚೆಂಬಿನ ನೆರಳು ಬರೆದು ಮುಗಿಸುವಷ್ಟರಲ್ಲಿ ನೆರಳು ಬೇರೆ ಕಡೆ ಹೋಗಿರುತ್ತದೆ. ಗಾಜಿನ ಹಂಚಿಗೆ ತೆಳು ಬಿಳಿ ಕಾಗದ ಅಂಟಿಸಿ, ಒಂದೇ ಪಕ್ಕದ ಕಿಟಕಿ ತೆರೆದಿಡಿ. ಫ್ಲ್ಯಾಟಿನಲ್ಲಿರುವವರು ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕೊಯ್ದು, ಒಳಗೆ ಕಪ್ಪು ಬಟ್ಟೆ ಹಾಕಿ, ಆ ಬದಿಯಿಂದ ಒಂದೇ ಬಲ್ಬ್ ಬಿಟ್ಟರೆ ಸಾಕು. ಮಳೆಗಾಲದ ಮೋಡದ ಬೆಳಕು ಮಾತ್ರ ದೇವರು ಕೊಟ್ಟದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ಹೆಚ್ಚು ಬದಲಾಗುವುದಿಲ್ಲ.

ಚೆಂಬಿಗೆ ಗಡುವೇ ಇಲ್ಲ ಅನ್ನಿಸುತ್ತದೆ. ಆದರೆ ಅಮ್ಮನಿಗೆ ಚೆಂಬು ಬೇಕಾಗುತ್ತದೆ, ಅದೇ ಅದರ ಗಡುವು. ಅದಕ್ಕೆ ಪ್ರತಿ ವಸ್ತುವಿನ ಬುಡದ ಸುತ್ತ ಚಾಕ್‌ಪೀಸಿನಿಂದ ಗೆರೆ ಹಾಕಿಡುತ್ತೇನೆ, ತೊಳೆದು ತಂದಿಟ್ಟರೂ ಅಲ್ಲೇ ಕೂರಬೇಕು. ಇಟಲಿಯ ಬೊಲೋನ್ಯಾದ ಚಿತ್ರಕಾರ ಮೊರಾಂಡಿಯೂ ಹೀಗೇ ಮೇಜಿನ ಕಾಗದದ ಮೇಲೆ ಬಾಟಲಿಗಳ ಜಾಗ ಗುರುತು ಮಾಡುತ್ತಿದ್ದ. ಜೀವನವಿಡೀ ಬಾಟಲಿ, ಹೂಜಿ, ಡಬ್ಬ. 1964ರಲ್ಲಿ ತೀರಿಕೊಳ್ಳುವವರೆಗೂ ಅದೇ. ಅವುಗಳ ಮೇಲೆ ಧೂಳು ಕೂರಲಿ ಅಂತ ಹಾಗೇ ಬಿಡುತ್ತಿದ್ದನಂತೆ. ನಮ್ಮಲ್ಲಿ ಬಿಟ್ಟರೆ ಕೂರುವುದು ಧೂಳಲ್ಲ, ಬೂಸ್ಟು.

ಹಿತ್ತಾಳೆ ಹಳದಿ ಅಂತ ಹಳದಿ ಹಚ್ಚಿದರೆ ಪ್ಲಾಸ್ಟಿಕ್ ಚೆಂಬು ಆಗುತ್ತದೆ. ಕಣ್ಣು ಕಿರಿದು ಮಾಡಿ ನೋಡಬೇಕು. ಕುತ್ತಿಗೆಯಲ್ಲಿ ಒಂದು ಕಡು ಕಂದು ಪಟ್ಟಿ ಇರುತ್ತದೆ, ಬಹುತೇಕ ಕಪ್ಪು. ಹೊಟ್ಟೆಯಲ್ಲಿ ಕಿಟಕಿ ಬಾಗಿ ಕೂತಿರುತ್ತದೆ, ಅದರ ಸರಳುಗಳ ಸಮೇತ. ಪಕ್ಕದ ಗುಳ್ಳದ ಹಸಿರು ಒಂದು ಮಸುಕು ಕಲೆಯಾಗಿ ಬಿದ್ದಿರುತ್ತದೆ. ಕೆಳಗೆ ಬಟ್ಟೆಯ ಬಣ್ಣ. ಇವೆಲ್ಲದರ ನಡುವೆ ನಿಜವಾದ ಹಳದಿ ಇರುವುದು ಒಂದು ಸಣ್ಣ ಪಟ್ಟಿ ಮಾತ್ರ. ಯೆಲ್ಲೊ ಓಕರ್, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ಬಿಳಿ, ಇಷ್ಟರಲ್ಲೇ ಮುಗಿಯುತ್ತದೆ. ಹೊಳೆಯುವ ಚುಕ್ಕೆಯನ್ನು ಕೊನೆಗೆ, ದಪ್ಪ ಬಣ್ಣದಲ್ಲಿ, ಒಂದೇ ಸಲ ಇಟ್ಟು ಕೈ ತೆಗೆಯಬೇಕು. ಹುಣಸೆಹುಳಿ ಹಾಕಿ ತಿಕ್ಕಿದ ದಿನ ಚೆಂಬಿನಲ್ಲಿ ನಾನೇ ಕಾಣುತ್ತೇನೆ, ಮೂಗು ದೊಡ್ಡದಾಗಿ. ಆಗ ಕ್ಲಾರಾ ಪೀಟರ್ಸ್ ನೆನಪಾಗುತ್ತಾಳೆ. ಆಕೆ ಲೋಹದ ಹೂಜಿ, ಬಟ್ಟಲುಗಳ ಹೊಳಪಿನೊಳಗೆ ತನ್ನ ಪುಟ್ಟ ಮುಖವನ್ನು ಮತ್ತೆ ಮತ್ತೆ ಬಿಡಿಸಿದ್ದಾಳೆ. ಸುಮ್ನೆ ನೋಡಿದರೆ ಕಾಣುವುದಿಲ್ಲ, ಹುಡುಕಬೇಕು.

ಇಷ್ಟೆಲ್ಲ ಇದ್ದೂ ಈ ಚಿತ್ರಗಳನ್ನು ದೊಡ್ಡವರು ಕೀಳಾಗಿ ನೋಡಿದ್ದೇ ಹೆಚ್ಚು. 1667ರಲ್ಲಿ ಫ್ರಾನ್ಸಿನ ಕಲಾ ಅಕಾಡೆಮಿಯ ಫೆಲಿಬಿಯೆನ್ ಚಿತ್ರಗಳಿಗೆ ಮೇಲು-ಕೀಳಿನ ಪಟ್ಟಿ ಮಾಡಿದಾಗ ದೇವರು, ರಾಜರ ಕಥೆಗೆ ಮೇಲಿನ ಜಾಗ, ಹಣ್ಣು-ಹೂವಿಗೆ ತಳದ ಜಾಗ. ಅದೇ ಅಕಾಡೆಮಿ 1728ರಲ್ಲಿ ಚಿತ್ರಕಾರ ಶಾರ್ಡಾನನ್ನು ಒಳಗೆ ಸೇರಿಸಿಕೊಂಡದ್ದು ಕರುಳು ತೆರೆದು ನೇತು ಹಾಕಿದ ಒಂದು ತೊರಕೆ ಮೀನಿನ ಚಿತ್ರ ನೋಡಿ! ನಮ್ಮ ದಕ್ಕೆಯವರು ಕೇಳಿದರೆ ಖುಷಿಪಡುತ್ತಾರೆ. ರಾಜರ ಕಥೆ ಗೊತ್ತಿಲ್ಲದವನಿಗೆ ರಾಜರ ಚಿತ್ರ ಅರ್ಧ ಮಾತ್ರ ಅರ್ಥ ಆಗುತ್ತದೆ. ತೊರಕೆ ಮೀನಿಗೆ ಆ ತೊಂದರೆ ಇಲ್ಲ. ಹಾಲೆಂಡಿನ ಪೀಟರ್ ಕ್ಲಾಸ್ 1627ರಲ್ಲಿ ಬಿಡಿಸಿದ ಒಂದು ಊಟದ ಮೇಜಿನಲ್ಲಿ ಪಂಚಾಂಗದ ಹಾಳೆ ಸುತ್ತಿದ ಪೊಟ್ಟಣದಲ್ಲಿ ಕಾಳುಮೆಣಸು ಇದೆ. ನಾನೂರು ವರ್ಷ ಆಯಿತು. ಆ ಪೊಟ್ಟಣ ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು, ಯಾರೂ ವಿವರಿಸಬೇಕಾಗಲಿಲ್ಲ.

ಬೂಸ್ಟಿನ ಬಗ್ಗೆ ಹೇಳದಿದ್ದರೆ ಕರಾವಳಿಯವರಿಗೆ ಮೋಸ ಮಾಡಿದ ಹಾಗೆ. ಮಳೆಗಾಲದಲ್ಲಿ ಜಲವರ್ಣದ ಕಾಗದ ತಾನಾಗಿ ಒಣಗುವುದಿಲ್ಲ, ಹೇರ್ ಡ್ರೈಯರ್ ಬೇಕು. ಹೊಸ ಕಾಗದವನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕಾಗದಕ್ಕೆ ಹಚ್ಚಿರುವ ಅಂಟೇ ಬೂಸ್ಟಿಗೆ ಊಟ. ಮುಗಿದ ಚಿತ್ರವನ್ನು ಫ್ರೇಮಿನ ಗಾಜಿಗೆ ತಾಗದ ಹಾಗೆ ನಡುವೆ ರಟ್ಟಿನ ಅಂಚು ಕೊಡಿಸಿ, ಒದ್ದೆ ಗೋಡೆಗೆ ಒತ್ತಿ ತೂಗು ಹಾಕಬೇಡಿ. ಈ ಊರಿನ ಹವೆ ಯಾರನ್ನೂ ಬಿಟ್ಟಿಲ್ಲ. ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಅಂತೋನಿಯೊ ಮೊಸ್ಕೇನಿ ನೂರು ವರ್ಷದ ಹಿಂದೆ ಬಿಡಿಸಿದ ಚಿತ್ರಗಳನ್ನೂ 1990ರ ದಶಕದ ಶುರುವಿನಲ್ಲಿ ದುರಸ್ತಿ ಮಾಡಬೇಕಾಯಿತು.

ನಾನು ಜೋಡಿಸುವುದೇ ಬೇಡದ ಒಂದು ಸ್ಟಿಲ್ ಲೈಫ್ ವರ್ಷಕ್ಕೊಮ್ಮೆ ಸಿಗುತ್ತದೆ, ಬಿಸು ಕಣಿ. ತುಳುವರ ಹೊಸ ವರ್ಷವಾದ ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವುದು. ಹಿಂದಿನ ರಾತ್ರಿ ಅಕ್ಕಿ, ತೆಂಗಿನಕಾಯಿ, ಹಣ್ಣು, ವೀಳ್ಯದೆಲೆ, ಅಡಿಕೆ, ಹಳದಿ ಸೌತೆ, ಹೂ, ಚಿನ್ನ, ಹಿಂದೆ ಕನ್ನಡಿ. ಒಂದು ವರ್ಷ ತೆಂಗಿನಕಾಯಿ ಮುಂದೆ ಬಂದರೆ ತೂಕ ಸರಿಯಾಗುತ್ತದೆ ಅಂತ ನಾನು ಸ್ವಲ್ಪ ಸರಿಸಿದ್ದೆ. ದೊಡ್ಡಮ್ಮ ನೋಡಿ, "ಕನ್ನಡಿ ಮರೆ ಆಯ್ತಲ್ಲ ಮಾರಾಯಾ, ಎದ್ದವರಿಗೆ ಮೊದಲು ಮುಖ ಕಾಣ್ಬೇಡ್ವಾ?" ಅಂತ ವಾಪಸ್ ಇಟ್ಟರು. ಅವರು ಇಟ್ಟ ಮೇಲೆ ಕನ್ನಡಿಯಲ್ಲಿ ಹಣ್ಣಿನ ಹಿಂಬದಿಯೂ ಕಾಣಿಸಿತು, ಕಣ್ಣು ಹೋಗಲಿಕ್ಕೆ ಒಂದು ದಾರಿ ಸಿಕ್ಕಿತು. ಅಲ್ಲಿಂದ ನಾನು ಕಣಿಗೆ ಕೈ ಹಾಕುವುದಿಲ್ಲ. ಸ್ಕೆಚ್ ಪುಸ್ತಕ, ಪೆನ್ಸಿಲ್ ಹಿಡಿದು ಬೆಳಿಗ್ಗೆಯೇ ಕೂರುತ್ತೇನೆ. ಮಕ್ಕಳು ಏಳುವವರೆಗೆ ಬಾಳೆಹಣ್ಣು ಇರುತ್ತದೆ, ಅಡುಗೆ ಶುರುವಾಗುವವರೆಗೆ ಸೌತೆ. ಆದ್ದರಿಂದ ಮೊದಲು ಬಾಳೆಹಣ್ಣು ಬಿಡಿಸುವುದು.