ತಜ್ಞ ವೈದ್ಯರ ಆಯುಸ್ಸು: ಬದುಕಿರುವವರನ್ನೂ ಲೆಕ್ಕಕ್ಕೆ ಹಿಡಿಯುವ ಬಗೆ

ಯಾವ ವಿಭಾಗದ ವೈದ್ಯರು ಹೆಚ್ಚು ಕಾಲ ಬಾಳುತ್ತಾರೆ ಎಂದು ನೋಡಹೊರಟವರು ಮೊದಲು ಕೈ ಹಾಕುವುದು ನಿಧನ ವಾರ್ತೆಗಳಿಗೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1997ರಿಂದ 2019ರವರೆಗೆ ಬಂದ ಎಂಟು ಸಾವಿರಕ್ಕೂ ಹೆಚ್ಚು ನಿಧನ ವಾರ್ತೆಗಳನ್ನು ಜಾಲಾಡಿದಾಗ ಜನರಲ್ ಪ್ರಾಕ್ಟೀಸ್ ವೈದ್ಯರು ತೀರಿಕೊಂಡ ಸರಾಸರಿ ವಯಸ್ಸು ಸುಮಾರು 80, ತುರ್ತು ಚಿಕಿತ್ಸಾ ತಜ್ಞರದ್ದು 59ರ ಆಸುಪಾಸು ಬಂತು. ಆ 59 ನೋಡಿ ಗಾಬರಿಯಾಗಬೇಕಿಲ್ಲ, ವಿಭಾಗವೇ ಹೊಸದು. ನಮ್ಮಲ್ಲಂತೂ ಎಮರ್ಜೆನ್ಸಿ ಮೆಡಿಸಿನ್‌ಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಆಮೇಲೆ ಎಂ.ಡಿ. ಮುಗಿಸಿದವರಲ್ಲಿ ಬಹುಪಾಲು ಜನ ಇನ್ನೂ ಐವತ್ತು ದಾಟಿಲ್ಲ. ಅವರಲ್ಲಿ ತೀರಿಕೊಂಡವರ ಸರಾಸರಿ ತೆಗೆದರೆ ಅದು ಐವತ್ತರೊಳಗೇ ಬರಬೇಕು, ಉಳಿದವರೆಲ್ಲ ಮುಂದೆ ತೊಂಬತ್ತು ಬಾಳಿದರೂ ಸರಿಯೇ.

ಹಾಗಾಗಿ ನಾನು ಎಣಿಸುವುದು ಎಲ್ಲರೂ ಬದುಕಿದ ವರ್ಷಗಳನ್ನು. ಸ್ಪ್ರೆಡ್‌ಶೀಟ್‌ನಲ್ಲಿ ಒಬ್ಬರಿಗೆ ಒಂದು ಸಾಲು: ಹುಟ್ಟಿದ ದಿನ, ಲಿಂಗ, ಪಿ.ಜಿ. (ತಜ್ಞತೆಯ ಸ್ನಾತಕೋತ್ತರ) ಪದವಿ ನೋಂದಣಿಯಾದ ದಿನ, ಅವರ ಬಗ್ಗೆ ಮಾಹಿತಿ ಇರುವ ಕೊನೆಯ ದಿನ, ಆ ದಿನ ಜೀವಂತವೋ ಅಲ್ಲವೋ. 32 ತುಂಬಿದಾಗ ಲೆಕ್ಕದೊಳಗೆ ಬಂದು 46 ತುಂಬಿದಾಗ ಹೊರಹೋದವರು 14 ವ್ಯಕ್ತಿ-ವರ್ಷ (ಒಬ್ಬರು ಒಂದು ವರ್ಷ ಲೆಕ್ಕದಲ್ಲಿದ್ದರೆ ಒಂದು) ಕೊಡುತ್ತಾರೆ. ಅದನ್ನು 30–34ರ ಗುಂಪಿಗೆ 3, 35–39ಕ್ಕೆ 5, 40–44ಕ್ಕೆ 5, 45–49ಕ್ಕೆ 1 ಎಂದು ಹಂಚುತ್ತೇನೆ. ಎಂ.ಬಿ.ಬಿ.ಎಸ್. ದಿನದಿಂದ ಎಣಿಸಿದರೆ ಲೆಕ್ಕ ಕೆಡುತ್ತದೆ. ಪಿ.ಜಿ. ಮುಗಿಸಬೇಕಾದರೆ ಅಲ್ಲಿಯತನಕ ಬದುಕಿರಲೇಬೇಕಲ್ಲ. ಸಾವೇ ಇಲ್ಲದ ಆ ವರ್ಷಗಳು ವಿಭಾಗವನ್ನು ಸುಮ್ಮನೆ ಚೆಂದಗಾಣಿಸುತ್ತವೆ.

ಪ್ರತಿ ಗುಂಪಿನ ವರ್ಷಗಳನ್ನು ಒಟ್ಟು ವೈದ್ಯಸಮುದಾಯದ ಅದೇ ವಯಸ್ಸು, ಲಿಂಗ, ಕಾಲದ ಸಾವಿನ ದರದಿಂದ ಗುಣಿಸಿ ಕೂಡಿದರೆ ನಿರೀಕ್ಷಿತ ಸಾವುಗಳು ಸಿಗುತ್ತವೆ. ನಡೆದ ಸಾವುಗಳನ್ನು ಅದರಿಂದ ಭಾಗಿಸಬೇಕು; ಬಂದ ಅನುಪಾತ 1ಕ್ಕಿಂತ ಹೆಚ್ಚಾದರೆ ಆ ವಿಭಾಗದಲ್ಲಿ ಸಾವು ನಿರೀಕ್ಷೆಗಿಂತ ಹೆಚ್ಚು. ಜನಸಾಮಾನ್ಯರ ದರ ಹಿಡಿಯಬೇಡಿ. ಹಿಡಿದರೆ ವೈದ್ಯರ ಆದಾಯ, ಓದು, ಚಿಕಿತ್ಸೆಯ ಅನುಕೂಲಗಳಿಂದಾಗಿ ಎಲ್ಲ ವಿಭಾಗವೂ ಆರೋಗ್ಯವಂತವಾಗಿಯೇ ಕಾಣುತ್ತದೆ. ಸಣ್ಣ ವಿಭಾಗಗಳಲ್ಲಿ ಇನ್ನೊಂದು ತೊಡಕು: 4 ನಿರೀಕ್ಷಿಸಿ 4 ನಡೆದರೆ ಅನುಪಾತ 1, ಆದರೆ ಅದರ 95% ವಿಶ್ವಾಸಾಂತರ, ಅಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, 0.27ರಿಂದ 2.56ರವರೆಗೆ ಚಾಚಿರುತ್ತದೆ. ಅಂಥದ್ದನ್ನು ಇಟ್ಟುಕೊಂಡು ಪಟ್ಟಿಯಲ್ಲಿ ಸ್ಥಾನ ಹಂಚುವುದು ಬರೀ ಹುಡುಗಾಟ.

ಹೆಚ್ಚು ಕೈಕೊಡುವುದು ವೈದ್ಯರ ನೋಂದಣಿ ರಿಜಿಸ್ಟರ್. ಗಲ್ಫಿಗೋ ಬ್ರಿಟನ್ನಿಗೋ ಹೋದವರು ಅಲ್ಲೇ ತೀರಿಕೊಂಡರೆ ಇಲ್ಲಿಯ ಪುಸ್ತಕದಲ್ಲಿ ನೂರಿಪ್ಪತ್ತರವರೆಗೂ ಬದುಕಿರುತ್ತಾರೆ. ಸುದ್ದಿ ಖಚಿತವಿಲ್ಲದವರ ಲೆಕ್ಕವನ್ನು ಅವರ ನೋಂದಣಿಯ ಕೊನೆಯ ನವೀಕರಣದ ದಿನಕ್ಕೇ ಮುಚ್ಚುತ್ತೇನೆ.

ರೇಡಿಯಾಲಜಿಯನ್ನು ಮಾತ್ರ ವೃತ್ತಿಗೆ ಸೇರಿದ ವರ್ಷದ ಪ್ರಕಾರ ಒಡೆಯದೆ ಬಿಡಬಾರದು. ಬ್ರಿಟನ್ನಿನಲ್ಲಿ 1921ಕ್ಕಿಂತ ಮೊದಲು ಸೇರಿದವರ ಕ್ಯಾನ್ಸರ್ ಸಾವು ಇತರ ವೈದ್ಯರಿಗಿಂತ 75% ಹೆಚ್ಚಿತ್ತು. 1954ರ ನಂತರ ಸೇರಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಒಟ್ಟು ಹಾಕಿದರೆ ಹಳಬರ ವಿಕಿರಣದ ಬಾಕಿ ಈಗಿನವರ ತಲೆಗೆ ಬರುತ್ತದೆ.