ರದ್ದಿ ಪುಸ್ತಕಗಳಲ್ಲಿ ಸಿಕ್ಕಿದ ವಕೀಲಿ ಕ್ಲಾಸು

ಮುಚ್ಚಿಹೋದ ಕಾನೂನು ಶಾಲೆಯೊಂದರ ಚರಿತ್ರೆಯನ್ನು ಹಳೆಯ ಕಾಯಿದೆ ಪುಸ್ತಕಗಳ ಅಂಚಿನಲ್ಲಿ ಗೀಚಿದ ಟಿಪ್ಪಣಿಗಳಿಂದಲೇ ಕಟ್ಟುತ್ತೇನೆ ಎಂದಾಗ ಮಾಟುಂಗಾದ ನಮ್ಮ ಕನ್ನಡ ಕೂಟದಲ್ಲಿ ನಗದೆ ಉಳಿದವರು ಕಡಿಮೆ. "ರಾಯರೇ, ದಫ್ತರವೇ ಇಲ್ಲದ ಸಂಸ್ಥೆಗೆ ಚರಿತ್ರೆ ಎಲ್ಲಿಂದ ತರುತ್ತೀರಿ?" ಎಂದು ನಿವೃತ್ತ ಪ್ರಾಧ್ಯಾಪಕರೊಬ್ಬರು ಎಲ್ಲರೆದುರಿಗೇ ಕೇಳಿದರು. ಈಗ ನೂರಮೂವತ್ತು ಪುಟಗಳ ಹಸ್ತಪ್ರತಿ ಸಿದ್ಧವಾಗಿದೆ. ಮುನ್ನುಡಿ ಬರೆಯುತ್ತೇನೆ ಎಂದು ಅದೇ ಪ್ರಾಧ್ಯಾಪಕರು ಹೇಳಿ ಕಳುಹಿಸಿದ್ದಾರೆ. ನೋಡೋಣ.

ಶಾಲೆ ಎಂದರೆ ಕಟ್ಟಡ, ಫಲಕ, ಗಂಟೆ ಯಾವುದೂ ಇರಲಿಲ್ಲ. ಹಳೆಯ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಯೊಂದರ ಊರಿನಲ್ಲಿ ವಕೀಲರೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ನಡೆಸುತ್ತಿದ್ದ ಕ್ಲಾಸು ಅದು. ಜಿಲ್ಲಾ ವಕೀಲಿ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವುದು, ಸನ್ನದು, ಅಂದರೆ ವಕೀಲಿಯ ಪರವಾನಗಿ, ಸಿಕ್ಕವರನ್ನು ಕೋರ್ಟಿಗೆ ಕಳುಹಿಸುವುದು, ಅಷ್ಟೇ. ಪುಣೆಯಲ್ಲಿ ತಿಲಕರು 1890ರ ದಶಕದಲ್ಲಿ ಇಂಥದೇ ಕ್ಲಾಸು ನಡೆಸಿದ್ದನ್ನು ಅವರ ಚರಿತ್ರಕಾರರು ಬರೆದಿಟ್ಟಿದ್ದಾರೆ. ನಮ್ಮ ಕಡೆಯವರದನ್ನು ಬರೆಯುವವರಿರಲಿಲ್ಲ. ಊರಿನ ಹೆಸರನ್ನು ಪುಸ್ತಕ ಅಚ್ಚಾಗುವವರೆಗೆ ಹೇಳುವುದಿಲ್ಲ. ಧಾರವಾಡದಲ್ಲಿ ಇಬ್ಬರು ಇದೇ ಬೇಟೆಯಲ್ಲಿದ್ದಾರೆ ಎಂಬ ಸುದ್ದಿ ನನಗೆ ಬಂದಿದೆ.

ಎಲ್ಲರೂ ಹಿಡಿಯುವ ದಾರಿಯನ್ನೇ ನಾನೂ ಮೊದಲು ಹಿಡಿದೆ. ಡೊಂಬಿವಲಿಯಿಂದ ಲೋಕಲ್ ಹತ್ತಿ ಕಾಲಾ ಘೋಡಾಕ್ಕೆ ಬಂದು, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಶಿಕ್ಷಣ ಖಾತೆಯ ಸಂಪುಟಗಳನ್ನೂ ಸರ್ಕಾರಿ ಗೆಜೆಟ್ಟುಗಳನ್ನೂ ತಿಂಗಳುಗಟ್ಟಲೆ ತಿರುವಿ ಹಾಕಿದೆ. ಒಂದು ಸಾಲೂ ಸಿಗಲಿಲ್ಲ. ಸರ್ಕಾರದಿಂದ ಬಿಡಿಗಾಸು ಪಡೆಯದ ಕ್ಲಾಸಿಗೆ ಸರ್ಕಾರದಲ್ಲಿ ಕಡತ ಏಕಿರಬೇಕು? ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರುಗಳಲ್ಲಿಯೂ, ಅಂದರೆ ವಾರ್ಷಿಕ ಕೈಪಿಡಿಗಳಲ್ಲಿಯೂ, ಅದೇ ಕಥೆ, ಮಾನ್ಯತೆ ಕೇಳಿದ್ದರಲ್ಲವೇ ಹೆಸರು ಬರುವುದು! ಆ ಊರಿನ ಒಂದು ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕುವ ಹೊತ್ತಿಗೆ "ಹಳೆಯದೆಲ್ಲ ನಾಶಪಡಿಸಲಾಗಿದೆ" ಎಂದರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ, ಮೂರೂವರೆ ಸಾವಿರದಷ್ಟು ಹೋಯಿತು. ಬಂದ ಪತ್ರಗಳಲ್ಲಿ ಹೆಚ್ಚಿನವು ತಮ್ಮ ಹೊಲದ ತಕರಾರಿಗೆ ನನ್ನ ಸಲಹೆ ಕೇಳಿದವು. ಒಬ್ಬರಂತೂ ಮಗಳ ಜಾತಕವನ್ನೇ ಲಗತ್ತಿಸಿದ್ದರು. ಇನ್ನು ಆ ವಕೀಲರ ಮನೆ ಇದ್ದಲ್ಲಿ ಈಗ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ. ಅಟ್ಟದ ಕಾಗದಗಳು ಏನಾದವು ಎಂದು ಆ ಮನೆತನದ ಹಿರಿಯ ಸೊಸೆಯನ್ನು ಕೇಳಿದೆ. ಎರಡು ಮಳೆಗಾಲ ಬಚ್ಚಲ ಒಲೆಗೆ ಅವೇ ಆದವು ಎಂದು ಆಕೆ ಸಂಕೋಚವಿಲ್ಲದೆ ಹೇಳಿದರು.

ದಾರಿ ತೆರೆದದ್ದು ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ, ಎಂಬತ್ತು ರೂಪಾಯಿಗೆ ಕೊಂಡ ಹಳೆಯ ದಿವಾಣಿ ಸಂಹಿತೆಯಿಂದ, ಅಂದರೆ ಸಿವಿಲ್ ದಾವೆಗಳ ಕಾರ್ಯವಿಧಾನದ ಕಾಯಿದೆ ಪುಸ್ತಕದಿಂದ. ರಟ್ಟಿನ ಒಳಗಿನ ಖಾಲಿ ಹಾಳೆಯಲ್ಲಿ ಮಾಲೀಕನ ಹೆಸರು, ನಮ್ಮ ಊರು, ಮಾಸ್ತರರ ಹೆಸರು, ತಿಂಗಳ ಫೀ ಮೂರು ರೂಪಾಯಿ, ಎರಡು ತಿಂಗಳ ಬಾಕಿ. ಫೋರ್ಟಿನ ಸಾಲಿಸಿಟರ್ ಕಚೇರಿಯಲ್ಲಿ ಗುಮಾಸ್ತನಾಗಿ ಮುಕ್ಕಾಲು ಆಯುಷ್ಯ ಕಳೆದವನು ನಾನು, ಉಳಿದದ್ದು ಹೊಳೆಯಲು ತಡವಾಗಲಿಲ್ಲ. ವಕೀಲ ತೀರಿಕೊಂಡರೆ ಮಕ್ಕಳು ಮೊದಲು ಮಾರುವುದು ಕಾಯಿದೆ ಪುಸ್ತಕಗಳನ್ನೇ. ತಿದ್ದುಪಡಿಯಾದ ಕಾಯಿದೆಯನ್ನು ಯಾರೂ ಓದುವುದಿಲ್ಲ, ಆದರೆ ದಪ್ಪ ರಟ್ಟು, ಒಳ್ಳೆಯ ತೂಕ. ಕ್ಲಾಸಿನ ದಫ್ತರ ಒಲೆಗೆ ಹೋಗಿತ್ತು, ನಿಜ. ವಿದ್ಯಾರ್ಥಿಗಳ ಪುಸ್ತಕಗಳು ಮಾತ್ರ ಹುಬ್ಬಳ್ಳಿ, ಮೀರಜ್, ಪುಣೆ ಹಾದು ಗೋಣಿಚೀಲಗಳಲ್ಲಿ ಮುಂಬಯಿಗೆ ಬರುತ್ತಲೇ ಇದ್ದವು. ಯಾವ ಅಂಗಡಿಗೆ, ಯಾವ ತಿಂಗಳಲ್ಲಿ ಬರುತ್ತವೆ ಎಂಬುದನ್ನು ಇಲ್ಲಿ ಬರೆದರೆ ನಾಳೆ ಬೆಲೆ ಏರುತ್ತದೆ. ಅದು ನನ್ನಲ್ಲೇ ಇರಲಿ.

ತಾರೀಖಿಲ್ಲದ ಟಿಪ್ಪಣಿಗೆ ತಾರೀಖು ಹಚ್ಚುವುದೇ ಈ ಕೆಲಸದ ಜೀವಾಳ. ಅಕ್ಷರದ ಬಳುಕು, ಕಾಗದದ ಬಣ್ಣ ನೋಡಿ ಕಾಲ ಹೇಳುವವರಿದ್ದಾರೆ, ಅವರನ್ನು ನಾನು ನಂಬುವುದಿಲ್ಲ. ಕಾಯಿದೆಯ ಕಲಮಿನ (ಸೆಕ್ಷನ್ನಿನ) ಸಂಖ್ಯೆಯನ್ನು ನಂಬುತ್ತೇನೆ. ಒಮ್ಮೆ ತೀರ್ಮಾನವಾದ ವಿವಾದವನ್ನು ಮತ್ತೆ ಎತ್ತಬಾರದು ಎಂಬ ನಿಯಮ 1882ರ ದಿವಾಣಿ ಸಂಹಿತೆಯಲ್ಲಿ 13ನೆಯ ಕಲಮು. 1908ರ ಸಂಹಿತೆಯಲ್ಲಿ ಅದು 11. ಎರಡನೆಯ ಅಪೀಲು 584ರಿಂದ 100ಕ್ಕೆ ಇಳಿಯಿತು. ಹೊಸ ಸಂಹಿತೆ ಜಾರಿಗೆ ಬಂದದ್ದು 1909ರ ಜನವರಿ 1ರಂದು. ನನ್ನಲ್ಲಿರುವ ಒಂದು ನೋಟು ಪುಸ್ತಕದಲ್ಲಿ ಶಾಯಿಯ 13ನ್ನು ಪೆನ್ಸಿಲಿನಿಂದ ಹೊಡೆದು 11 ಎಂದು ತಿದ್ದಿದೆ, 584ರ ಪಕ್ಕದಲ್ಲಿ 100 ಇದೆ, ಕೊನೆಯ ಅರ್ಧದಲ್ಲಿ ಶಾಯಿಯಲ್ಲೇ ಹೊಸ ಸಂಖ್ಯೆಗಳು ಬರುತ್ತವೆ. ಆ ಹುಡುಗ ಯಾವ ಚಳಿಗಾಲದಲ್ಲಿ ಪಡಸಾಲೆಯಲ್ಲಿ ಕುಳಿತಿದ್ದ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ.

ಊರಿನವರ ಕೋಪಕ್ಕೆ ಗುರಿಯಾದದ್ದೂ ಇದರಿಂದಲೇ. 1920ರ ಅಸಹಕಾರದ ಕರೆಗೆ ಓಗೊಟ್ಟು ಮಾಸ್ತರರು ಕೋರ್ಟನ್ನೂ ಕ್ಲಾಸನ್ನೂ ಒಂದೇ ದಿನ ಬಿಟ್ಟರು ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಅವರ ಫೋಟೊದ ಕೆಳಗೂ ಹಾಗೆಯೇ ಬರೆದಿದ್ದಾರೆ. ಆದರೆ ಮೃತ್ಯುಪತ್ರದ ಪಾಠದಲ್ಲಿ ಹಳೆಯ 1881ರ ಪ್ರೊಬೇಟ್ ಕಾಯಿದೆಯನ್ನು ಬಿಟ್ಟು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯನ್ನು ಹೇಳಿಕೊಟ್ಟ ಎರಡು ನೋಟು ಪುಸ್ತಕಗಳು, ಬೇರೆ ಬೇರೆ ಕೈಬರಹದವು, ನನ್ನ ಮೇಜಿನ ಮೇಲಿವೆ. ಎರಡರಲ್ಲೂ ಅದೇ ಮಾಸ್ತರರ ಹೆಸರಿದೆ. ಅಂದರೆ ಅಸಹಕಾರದ ಐದು ವರ್ಷಗಳ ಮೇಲೂ ಕ್ಲಾಸು ನಡೆದಿತ್ತು. ಕೊನೆಯ ಗಡಿಗೆ ಸ್ವತ್ತು ವರ್ಗಾವಣೆ ಕಾಯಿದೆ ಸಹಾಯಕ್ಕೆ ಬಂತು. ಕರಾರಿನಂತೆ ಸ್ವತ್ತನ್ನು ಸ್ವಾಧೀನಕ್ಕೆ ಪಡೆದವನಿಗೆ ರಕ್ಷಣೆ ಕೊಡುವ, 1930ರ ಏಪ್ರಿಲಿನಲ್ಲಿ ಜಾರಿಯಾದ 53ಎ ಕಲಮು ಯಾವ ಪುಸ್ತಕದಲ್ಲಿಯೂ ಇಲ್ಲ. ಖರೀದಿ, ಒತ್ತೆ ಎಂದರೆ ಮೂರು ಮೂರು ದಿನ ಪಾಠ ಎಳೆಯುತ್ತಿದ್ದ ಮನುಷ್ಯ ಅದನ್ನು ಬಿಡುವವರಲ್ಲ. ಹಾಗಾಗಿ ಕ್ಲಾಸು ನಿಂತದ್ದು 1925ರಿಂದ 1930ರ ನಡುವೆ. ಪುಣೆಯಲ್ಲಿ 1924ರಲ್ಲೇ ಇಂಡಿಯನ್ ಲಾ ಸೊಸೈಟಿಯ ಕಾಲೇಜು ಶುರುವಾಗಿತ್ತು. ಅನುಕೂಲವಿದ್ದವರು ಮಕ್ಕಳನ್ನು ಪದವಿಗೆ ಕಳುಹಿಸತೊಡಗಿದ್ದರು. ದೇಶಭಕ್ತಿಗಿಂತ ಫೀ ಬಾಕಿಯೇ ಪಡಸಾಲೆಯನ್ನು ಖಾಲಿ ಮಾಡಿತು ಎಂಬುದು ನನ್ನ ಅಭಿಪ್ರಾಯ. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ 1939ರಲ್ಲಿ ಕಾಲೇಜು ತೆರೆಯುವಾಗ ಈ ಕ್ಲಾಸು ನಿಂತು ಒಂಬತ್ತು ವರ್ಷವಾದರೂ ಆಗಿತ್ತು.

ಮಾಸ್ತರರ ಗತ್ತು ಹಿಂದೂ ಕಾನೂನಿನ ಪುಟಗಳಲ್ಲಿ ಕಾಣುತ್ತದೆ. ಆಗ ಆಸ್ತಿ, ಪಾಲಿನ ತಕರಾರಿಗೆ ಆಧಾರವಾಗಿದ್ದ ಎರಡು ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಗುಜರಾತ ಮತ್ತು ಮುಂಬಯಿ ದ್ವೀಪದಲ್ಲಿ ಮಯೂಖದ ಮಾತು ಮೇಲಾಗಿತ್ತು, ನಮ್ಮ ಜಿಲ್ಲೆಗಳಲ್ಲಿ ಮಿತಾಕ್ಷರದ್ದು. "ಮಯೂಖ ಪರೀಕ್ಷೆಗೆ, ಮಿತಾಕ್ಷರ ಹೊಟ್ಟೆಗೆ" ಎಂದು ಒಬ್ಬ ಶಿಷ್ಯ ಅಂಚಿನಲ್ಲಿ ಬರೆದುಕೊಂಡಿದ್ದಾನೆ.

ಟಿಪ್ಪಣಿಗಳು ಇಂಗ್ಲಿಷಿನಲ್ಲಿವೆ, ನಡುನಡುವೆ ಕನ್ನಡ, ಜೊತೆಗೆ ಮರಾಠಿಯ ಹಳೆಯ ಓಟದ ಲಿಪಿಯಾದ ಮೋಡಿ. ಮೋಡಿ ನನಗೆ ಬಾರದು. ಪುಣೆಯ ಒಬ್ಬರಿಗೆ ಪುಟಕ್ಕೆ ಇನ್ನೂರರ ಹಾಗೆ ಕೊಟ್ಟು ಓದಿಸಿದೆ. ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಯಿತು. ಅಷ್ಟು ಕೊಟ್ಟು ಓದಿಸಿದ ಒಂದು ಪುಟ ಕೊನೆಗೆ ಕಿರಾಣಿ ಪಟ್ಟಿಯಾಗಿತ್ತು. ಅದನ್ನೂ ಬಿಡಲಿಲ್ಲ, ಅಕ್ಕಿ ಬೆಲೆಯನ್ನು ಕ್ಲಾಸಿನ ಫೀಯೊಡನೆ ಹೋಲಿಸಲು ಅದು ಅಧ್ಯಾಯ ಮೂರರಲ್ಲಿ ಕೆಲಸಕ್ಕೆ ಬಂತು.

ಮಾಸಿದ ಶಾಯಿಗೆ ಒಂದು ಪ್ರಯೋಗ ಮಾಡಿದೆ. ಖೋಟಾ ನೋಟು ಪರೀಕ್ಷಿಸುವ ನೇರಳೆ ಟಾರ್ಚು ಇದೆಯಲ್ಲ, ಮಸ್ಜಿದ್ ಬಂದರಿನಲ್ಲಿ ಮುನ್ನೂರಕ್ಕೆ ಸಿಗುತ್ತದೆ. ಕತ್ತಲೆ ಕೋಣೆಯಲ್ಲಿ ಹಿಡಿದರೆ ಕಬ್ಬಿಣದ ಅಂಶವಿರುವ ಹಳೆಯ ಕಪ್ಪು ಶಾಯಿ ಎದ್ದು ಕಾಣುತ್ತದೆ. ಸೀಸದ ಕಡ್ಡಿಯ ಬರಹಕ್ಕೆ ಇದರಿಂದ ಪ್ರಯೋಜನವಿಲ್ಲ. ಅದಕ್ಕೆ ಬೆಳಕನ್ನು ಓರೆಯಾಗಿ ಬಿಟ್ಟು ಫೋಟೊ ತೆಗೆಯಿರಿ. ಹೆಂಡತಿ ಇದನ್ನು ಮಂತ್ರವಾದ ಎಂದು ಕರೆದಳು. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇನ್ನೊಂದು ಉಪಾಯವಿದೆ, ಅದು ಪುಸ್ತಕದಲ್ಲಿಯೂ ಇರುವುದಿಲ್ಲ.

ಹೆಸರುಗಳು ನಲವತ್ತರ ಆಸುಪಾಸು ಕೂಡಿದ ಮೇಲೆ ಗೆಜೆಟ್ಟಿಗೆ ಮರಳಿದೆ. ಈಗ ಅದೇ ಸಂಪುಟಗಳು ಬಾಯಿಬಿಟ್ಟವು: ಒಬ್ಬ ಮುನಿಸಿಪಾಲಿಟಿ ಸದಸ್ಯ, ಇನ್ನೊಬ್ಬ ದಿವಾಳಿ ಅರ್ಜಿದಾರ. ನಮ್ಮ ಕೂಟದ ಮಂಗಳೂರಿನ ಶೆಟ್ಟರು ತಮ್ಮ ಅಜ್ಜನನ್ನೂ ಹುಡುಕಿಕೊಡಿ ಎಂದು ಹಠ ಹಿಡಿದರು. ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ನಿಮ್ಮ ಅಜ್ಜನನ್ನು ಮದ್ರಾಸ್ ಸರ್ಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ಟಿನಲ್ಲಿ ಹುಡುಕಿ ಎಂದೆ. ಚಹಾದ ಹಣ ಅಂದು ನಾನೇ ಕೊಡಬೇಕಾಯಿತು.

ಒಟ್ಟು ಅರವತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು, ಪುಸ್ತಕಗಳಿಗೆ ಅದರಲ್ಲಿ ಕಾಲುಭಾಗವೂ ಇಲ್ಲ. ಮಾಸ್ತರರ ಮೊಮ್ಮಗ ಪುಣೆಯಿಂದ ಫೋನು ಮಾಡಿ, ಅಚ್ಚಿನ ಪೂರ್ತಿ ಖರ್ಚು ತಾವೇ ಕೊಡುತ್ತೇವೆ, 1925ರ ಆ ಒಂದು ಅಧ್ಯಾಯ ಬಿಟ್ಟುಬಿಡಿ ಎಂದರು. ಆಗುವುದಿಲ್ಲ ಎಂದೆ. ಗದಗಿನ ಮುದ್ರಕರು ಮುನ್ನೂರು ಪ್ರತಿಗಳಿಗೆ ನಲವತ್ತೈದು ಸಾವಿರ ಕೇಳಿದ್ದಾರೆ, ಚೌಕಾಸಿ ನಡೆದಿದೆ. ಅಷ್ಟರಲ್ಲಿ 1909ಕ್ಕಿಂತ ಹಿಂದಿನ, ಅಂಚಿನಲ್ಲಿ ಬರಹವಿರುವ ಕಾಯಿದೆ ಪುಸ್ತಕ ಯಾರಲ್ಲಾದರೂ ಇದ್ದರೆ ರದ್ದಿಗೆ ಹಾಕಬೇಡಿ, ಅಂಚೆ ವೆಚ್ಚ ನನ್ನದು.